ಚೀಲದಲ್ಲಿ ಆಲೂಗಡ್ಡೆ



ತಾರಸಿಯಲ್ಲೋ ಬಾಲ್ಕನಿಯಲ್ಲೋ ಕೈದೋಟ ಮಾಡುವವರು ಈಗ ಬಹಳ ಮಂದಿ. ಟೊಮೆಟೊ ಬೆಳೆಯುತ್ತಾರೆ. ಮೆಣಸಿನಕಾಯಿ, ಬದನೆ, ಕೊತ್ತಂಬರಿ ಬೆಳೆಯುತ್ತಾರೆ. ಆಲೂಗಡ್ಡೆಯ ಮಾತು ಬಂದರೆ ಮಾತ್ರ ಹಿಂಜರಿಯುತ್ತಾರೆ. ಅದು ಹೊಲದ ಬೆಳೆ, ಹಾಸನ, ಕೋಲಾರ, ಚಿಕ್ಕಬಳ್ಳಾಪುರದ ರೈತರ ಬೆಳೆ, ನಮ್ಮ ಕುಂಡಕ್ಕೆ ಒಗ್ಗೀತೇ ಎಂಬ ಅನುಮಾನ. ಒಗ್ಗುತ್ತದೆ. ಒಂದು ಅಕ್ಕಿಚೀಲ, ಎರಡು ಬಿತ್ತನೆ ಗಡ್ಡೆ, ಮೂರು ಮೂರೂವರೆ ತಿಂಗಳ ಸಮಯ ಇದ್ದರೆ ಸಾಕು.

ಆದರೆ ಈ ಬೆಳೆ ಎರಡು ವಿಷಯದಲ್ಲಿ ಹಟಮಾರಿ. ಅದಕ್ಕೆ ಬುಡದಲ್ಲಿ ಕತ್ತಲೆ ಬೇಕು. ಮಣ್ಣಿನಲ್ಲಿ ತಂಪು ಬೇಕು. ಇಂದಿನ ನನ್ನ ಮಾತೆಲ್ಲ ಈ ಎರಡರ ಸುತ್ತಲೇ. ಗೊಬ್ಬರ ಸ್ವಲ್ಪ ಕಡಿಮೆಯಾದರೆ ಗಿಡ ಸಹಿಸಿಕೊಳ್ಳುತ್ತದೆ. ಕತ್ತಲೆ, ತಂಪು ತಪ್ಪಿದರೆ ಸಹಿಸುವುದಿಲ್ಲ.

ಏಕೆ ಹೀಗೆ? ಆಲೂಗಡ್ಡೆ ಬೇರಲ್ಲ, ಕಾಂಡ. ಕ್ಯಾರೆಟ್, ಮೂಲಂಗಿ ಬೇರಿನ ಜಾತಿಗೆ ಸೇರಿದವು. ಆಲೂಗಡ್ಡೆ ಹಾಗಲ್ಲ. ಗಿಡದ ಬುಡದಿಂದ ಮಣ್ಣಿನೊಳಗೇ ಬಿಳಿಯ ಎಳೆಗಳು ಅಡ್ಡಕ್ಕೆ ಹೊರಡುತ್ತವೆ. ಇವು ನೆಲದೊಳಗಿನ ರೆಂಬೆಗಳು. ಗಿಡಕ್ಕೆ ತಿಂಗಳು ತುಂಬಿದ ಮೇಲೆ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿದರೆ ಇವು ಕಾಣುತ್ತವೆ. ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಆ ಬಾಗಿನ ಹಿಂದೆಯೇ ಸ್ವಲ್ಪ ಊದಿಕೊಂಡಿರುತ್ತದೆ. ಆ ಊತವೇ ಮುಂದೆ ಗಡ್ಡೆ. ಕತ್ತಲಿದ್ದರೆ ಎಳೆ ಗಡ್ಡೆಯಾಗುತ್ತದೆ. ಬೆಳಕು ತಾಗಿದರೆ ಅದೇ ಎಳೆ ಮೇಲಕ್ಕೆದ್ದು ಎಲೆ ಬಿಟ್ಟು ಇನ್ನೊಂದು ಟಿಸಿಲಾಗುತ್ತದೆ. ಕಾಂಡವಾದ್ದರಿಂದಲೇ ಆಲೂಗಡ್ಡೆಯ ಮೇಲೆ ಕಣ್ಣುಗಳಿವೆ. ಒಂದೊಂದು ಕಣ್ಣೂ ಒಂದೊಂದು ಮೊಗ್ಗು.

ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಬಿತ್ತನೆ ಗಡ್ಡೆ ಬೆಳೆಯಲು ಒಂದು ವಿಧಾನವನ್ನು ರೂಢಿಗೆ ತಂದಿದೆ. ಅದರಲ್ಲಿ ಮಣ್ಣೇ ಇಲ್ಲ. ಮುಚ್ಚಿದ ಪೆಟ್ಟಿಗೆಯ ಮೇಲೆ ಸಸಿ ನಿಂತಿರುತ್ತದೆ. ಬೇರು ಪೆಟ್ಟಿಗೆಯ ಒಳಗೆ ಗಾಳಿಯಲ್ಲಿ ತೂಗಾಡುತ್ತದೆ. ಪೋಷಕಾಂಶ ಬೆರೆತ ನೀರನ್ನು ಆಗಾಗ ಅದಕ್ಕೆ ತುಂತುರಾಗಿ ಸಿಂಪಡಿಸುತ್ತಾರೆ. ಆ ಗಾಳಿಯಲ್ಲೇ ಸಣ್ಣ ಸಣ್ಣ ಗಡ್ಡೆಗಳು ಕಟ್ಟುತ್ತವೆ. ಮಣ್ಣಿಲ್ಲದಿದ್ದರೂ ನಡೆಯಿತು. ಆದರೆ ಪೆಟ್ಟಿಗೆಯ ಒಳಗೆ ಕತ್ತಲೆ ಇರಲೇಬೇಕು. ಮನೆಯ ಚೀಲಕ್ಕೂ ಇದೇ ಪಾಠ.

ಕತ್ತಲೆಯ ಕಾರಣ ಗೊತ್ತಾಯಿತು. ಈಗ ತಂಪಿನ ಮಾತು. ತಂಪು ಎಂದರೆ ಕಾಲದ ಮಾತು.

ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು. ಪೆರು, ಬೊಲಿವಿಯಾ ದೇಶಗಳ ಎತ್ತರದ ನೆಲ. ಅಲ್ಲಿ ಹಗಲು ಒಳ್ಳೆಯ ಬಿಸಿಲು, ರಾತ್ರಿ ಚಳಿ. ಹಗಲು ರಾತ್ರಿಗಳ ಅವಧಿ ಹೆಚ್ಚು ಕಡಿಮೆ ಸಮ. ಗಿಡ ಈ ಗುಣವನ್ನು ಇಂದಿಗೂ ಬಿಟ್ಟಿಲ್ಲ. ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿಯ ಒಳಗಿದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ಅದಕ್ಕಿಂತ ಮೇಲೆ ಹೋದಂತೆ ಸೊಪ್ಪು ಬೆಳೆಯುತ್ತದೆ, ಗಡ್ಡೆ ಕುಗ್ಗುತ್ತದೆ. ಹಗಲೆಲ್ಲ ಎಲೆ ಮಾಡಿದ ಪಿಷ್ಟವನ್ನು ಬಿಸಿ ರಾತ್ರಿಯಲ್ಲಿ ಗಿಡ ತಾನೇ ಉಸಿರಾಡಿ ಖರ್ಚು ಮಾಡಿಬಿಡುತ್ತದೆ. ಗಡ್ಡೆಗೆ ಇಳಿಯಲು ಹೆಚ್ಚು ಉಳಿಯುವುದಿಲ್ಲ.

ಹಾಗಾದರೆ ನಮ್ಮಲ್ಲಿ ಯಾವಾಗ ನೆಡಬೇಕು? ಬೆಂಗಳೂರು, ಮೈಸೂರು, ತುಮಕೂರು, ಕೋಲಾರದ ಕಡೆಯವರು ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯೊಳಗೆ ನೆಡಿ. ಜನವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ ಗಡ್ಡೆ ಕೈಗೆ ಬರುತ್ತದೆ. ಹಾಸನದ ರೈತರು ಮುಂಗಾರಿನ ಮೊದಲ ಮಳೆಗೆ, ಮೇ ಜೂನ್ ತಿಂಗಳಲ್ಲಿ, ಬಿತ್ತುವ ರೂಢಿ ಇದೆ. ಆ ಸೀಮೆಯ ಎತ್ತರ, ಮೋಡ ಮುಚ್ಚಿದ ತಂಪು ಹವೆ ಅದಕ್ಕೆ ಅನುಕೂಲ. ಬೆಳಗಾವಿ, ಧಾರವಾಡದ ಕಡೆಯೂ ಮುಂಗಾರಿನ ಬೆಳೆ ಇದೆ. ಕಲಬುರಗಿ, ರಾಯಚೂರಿನಂಥ ಬಿಸಿಲು ನಾಡಿನವರು ನವೆಂಬರ್ ಮೊದಲ ವಾರಗಳಲ್ಲೇ ನೆಟ್ಟು, ಫೆಬ್ರವರಿಯ ಬಿಸಿಲು ಏರುವ ಮುನ್ನ ಕಿತ್ತುಬಿಡಬೇಕು.

ಕರಾವಳಿಯ ಕೇಳುಗರಿಗೆ ಒಂದು ನೇರ ಮಾತು. ನಿಮ್ಮಲ್ಲಿ ಚಳಿಗಾಲದ ರಾತ್ರಿಯೂ ಸೆಕೆ. ಗಿಡ ಹಸಿರಾಗಿ ಬೆಳೆದೀತು, ಗಡ್ಡೆ ಮಾತ್ರ ನಿರಾಸೆ ಮಾಡೀತು. ನಿಮ್ಮ ಚೀಲಕ್ಕೆ ಗೆಣಸು, ಕೆಸು, ಸುವರ್ಣಗಡ್ಡೆಯೇ ಲೇಸು. ಮಾಡಿಯೇ ನೋಡುತ್ತೇನೆ ಎನ್ನುವವರು ಕುಫ್ರಿ ಸೂರ್ಯ ಎಂಬ ತಳಿಯನ್ನು ಹುಡುಕಿ. ಬಿಸಿಯನ್ನು ತಕ್ಕಮಟ್ಟಿಗೆ ತಡೆದುಕೊಳ್ಳಲೆಂದೇ ಬೆಳೆಸಿದ ತಳಿ ಅದು.

ಕತ್ತಲೆ ಏಕೆಂದು ನೋಡಿದೆವು. ತಂಪಿನ ಕಾಲ ಯಾವುದೆಂದು ನೋಡಿದೆವು. ಇನ್ನು ಈ ಎರಡನ್ನೂ ಹಿಡಿದಿಡುವ ಪಾತ್ರೆ ಯಾವುದು?

20 ಲೀಟರ್ ಹಿಡಿಸುವ ಯಾವ ಪಾತ್ರೆಯಾದರೂ ಆದೀತು. ಹಳೆಯ ಪೇಂಟ್ ಬಕೆಟ್, 25 ಕಿಲೋ ಅಕ್ಕಿಯ ಚೀಲ, ಗೋಣಿಚೀಲ, ಅಂಗಡಿಯ ಗ್ರೋ ಬ್ಯಾಗ್. ಆಳ ಒಂದೂಕಾಲು ಅಡಿಗೆ ಕಡಿಮೆ ಬೇಡ. ಒಂದು ಗಿಡಕ್ಕೆ 10 ಲೀಟರ್ ಮಣ್ಣು ಎಂಬ ಲೆಕ್ಕ ಇಟ್ಟುಕೊಳ್ಳಿ. 20 ಲೀಟರ್ ಚೀಲಕ್ಕೆ ಎರಡೇ ಗಡ್ಡೆ. ನಾಲ್ಕು ನೆಟ್ಟರೆ ಎರಡರಷ್ಟು ಫಸಲು ಬರುವುದಿಲ್ಲ, ಗೋಲಿ ಗಾತ್ರದ ಗಡ್ಡೆ ಬರುತ್ತದೆ.

ಪಾತ್ರೆ ಬೆಳಕನ್ನು ಒಳಗೆ ಬಿಡಬಾರದು. ಬಿಳಿಯ ತೆಳು ಅಕ್ಕಿಚೀಲದ ಮೂಲಕ ಬೆಳಕು ಹಾಯುತ್ತದೆ. ಒಂದರೊಳಗೆ ಒಂದು ಎರಡು ಚೀಲ ಹಾಕಿ, ಅಥವಾ ಹೊರಗೆ ಗೋಣಿ ಸುತ್ತಿ. ಕಪ್ಪು ಬಕೆಟ್ ಕತ್ತಲೆ ಕೊಡುತ್ತದೆ, ಆದರೆ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ. ಮಣ್ಣಿನ ಬಿಸಿ 30 ಡಿಗ್ರಿ ತಲುಪಿದರೆ ಗಡ್ಡೆ ಕಟ್ಟುವ ಕೆಲಸವೇ ನಿಂತುಹೋಗುತ್ತದೆ. ಅದಕ್ಕೂ ಗೋಣಿಯೇ ಮದ್ದು. ಬಕೆಟ್ಟಿಗೆ ಸುತ್ತಿ, ಬಿಸಿಲು ಜೋರಾದ ದಿನ ಅದಕ್ಕೆ ನೀರು ಚಿಮುಕಿಸಿ. ಬರೀ ಗೋಣಿಚೀಲದಲ್ಲೇ ನೆಟ್ಟರೆ ತಂಪು, ಕತ್ತಲೆ ಎರಡೂ ಸಿಗುತ್ತವೆ. ಆದರೆ ನೀರು ಬೇಗ ಆರುತ್ತದೆ, ಒಂದೇ ಬೆಳೆಗೆ ಚೀಲ ಲಡ್ಡಾಗುತ್ತದೆ. ಸಿಮೆಂಟ್ ಚೀಲ ಬಳಸುವವರು ಚೆನ್ನಾಗಿ ಒದರಿ ತೊಳೆಯಿರಿ. ಸಿಮೆಂಟಿನಲ್ಲಿ ಸುಣ್ಣ ಇದೆ. ಆಲೂಗಡ್ಡೆಗೆ ಸುಣ್ಣ ಆಗಿಬರುವುದಿಲ್ಲ.

ಯಾವ ಪಾತ್ರೆಯಾದರೂ ತಳದಲ್ಲಿ ಆರೇಳು ತೂತು ಇರಲಿ. ತಳ ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲಿಡಿ. ನೀರು ಬಸಿಯುತ್ತದೆ, ಕಾದ ತಾರಸಿಯ ಬಿಸಿಯೂ ತಟ್ಟುವುದಿಲ್ಲ. ನೀರುಂಡ ಒಂದು ಚೀಲ 20 ಕಿಲೋ ತೂಗೀತು. ಹತ್ತಾರು ಚೀಲ ಇಡುವವರು ತಾರಸಿಯ ನಡುವೆ ರಾಶಿ ಹಾಕದೆ, ಗೋಡೆ ತೊಲೆಗಳು ಹಾದಿರುವ ಅಂಚಿನ ಕಡೆ ಇಡಿ. ದಿನಕ್ಕೆ ಆರು ತಾಸು ಬಿಸಿಲು ಎಲೆಗೆ ಬೀಳಬೇಕು. ಬೆಳಗಿನ ಬಿಸಿಲಾದರೆ ಉತ್ತಮ.

ಮಣ್ಣಿಗೆ ಬರೋಣ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ. ಚೀಲಕ್ಕೆರಡು ಹಿಡಿ ಬೇವಿನ ಹಿಂಡಿ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು. ಉಂಡೆ ಹಾಗೇ ನಿಂತರೆ ಮಣ್ಣು ಜಿಗುಟು ಎಂದರ್ಥ. ಅದರಲ್ಲಿ ಗಡ್ಡೆ ಸೊಟ್ಟಂಪಟ್ಟ. ಹಸಿ ಸಗಣಿ ಬೇಡ. ಗಿಡಕ್ಕೆಲ್ಲ ಒಲೆಯ ಬೂದಿ ಎರಚುವ ಅಭ್ಯಾಸ ನಮ್ಮ ಕೆಲವು ಮನೆಗಳಲ್ಲಿದೆ. ಆಲೂಗಡ್ಡೆಗೆ ಅದು ಬೇಡ. ಬೂದಿ ಮಣ್ಣಿನ ಹುಳಿಯನ್ನು ಕಳೆಯುತ್ತದೆ. ಆಗ ಸಿಪ್ಪೆಯ ಮೇಲೆ ಹುರುಕು ಏಳುತ್ತದೆ.

ಕಾಲ, ಪಾತ್ರೆ, ಮಣ್ಣು ಆಯಿತು. ನಾಲ್ಕನೆಯದು ಬಿತ್ತನೆ ಗಡ್ಡೆ.

ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತದ್ದನ್ನೇ ನೆಡಬಹುದೇ ಎಂದು ಅನೇಕರು ಕೇಳುತ್ತಾರೆ. ನೆಡಬಹುದು. ಗಿಡವೂ ಬರುತ್ತದೆ. ಆದರೆ ಎರಡು ಅಡ್ಡಿ. ಶೀತಲಗೃಹದಿಂದ ಬಂದ ಗಡ್ಡೆಗೆ ಮೊಳಕೆ ಬಾರದಂತೆ ಔಷಧ ಕೊಟ್ಟಿರಬಹುದು. ಇನ್ನೊಂದು, ತಿನ್ನುವ ಗಡ್ಡೆಯಲ್ಲಿ ನಂಜುರೋಗ ಅಡಗಿರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ. ಗಿಡ ಮುರುಟಿಕೊಂಡಾಗ ಗೊತ್ತಾಗುತ್ತದೆ. ಆದ್ದರಿಂದ ಪ್ರಮಾಣಿತ ಬಿತ್ತನೆ ಗಡ್ಡೆ ಸಿಕ್ಕರೆ ಅದೇ ಮೇಲು.

ನಮ್ಮ ರಾಜ್ಯಕ್ಕೆ ಬಿತ್ತನೆ ಗಡ್ಡೆ ಬಹುಮಟ್ಟಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಇಲ್ಲೂ ತಂಪಿನದೇ ಕಾರಣ. ಅಲ್ಲಿಯ ಚಳಿಗಾಲದಲ್ಲಿ ನಂಜುರೋಗ ಹರಡುವ ಸಸ್ಯಹೇನು ಕಡಿಮೆ. ಹೆಚ್ಚು ಬಳಕೆಯ ತಳಿ ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದದ್ದು, ಇಂದಿಗೂ ಹಾಸನದ ಹೊಲಗಳಲ್ಲಿ ಇದೆ. ಕುಫ್ರಿ ಎಂಬುದು ಶಿಮ್ಲಾದ ಪಕ್ಕದ ಊರು. ಶಿಮ್ಲಾದ ಸಂಶೋಧನಾ ಸಂಸ್ಥೆಯ ತಳಿಗಳಿಗೆಲ್ಲ ಆ ಊರಿನದೇ ಮನೆಹೆಸರು. ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಬಿತ್ತನೆ ಗಡ್ಡೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ಬಿತ್ತನೆಯ ದಿನಗಳಲ್ಲಿ ರೈತರು ಮೂಟೆಗಟ್ಟಲೆ ಕೊಳ್ಳುತ್ತಾರೆ. ಪರಿಚಯದ ರೈತರಿದ್ದರೆ ಒಂದು ಕಿಲೋ ಕೇಳಿ ತನ್ನಿ. 20 ಗಡ್ಡೆ ಸಿಗುತ್ತದೆ. ಹತ್ತು ಚೀಲಕ್ಕೆ ಅದು ಸಾಕು.

ಕೋಳಿಮೊಟ್ಟೆ ಗಾತ್ರದ, ಸುಮಾರು 50 ಗ್ರಾಂ ತೂಗುವ ಗಡ್ಡೆಯನ್ನು ಇಡಿಯಾಗಿ ನೆಡಿ. ದೊಡ್ಡದಿದ್ದರೆ ಹೆಚ್ಚಬಹುದು. ಒಂದೊಂದು ಹೋಳಿನಲ್ಲೂ ಎರಡು ಕಣ್ಣಾದರೂ ಇರಲಿ. ಹೆಚ್ಚಿದ್ದನ್ನು ಕೂಡಲೇ ಮಣ್ಣಿಗೆ ಹಾಕಬೇಡಿ. ನೆರಳಿನಲ್ಲಿ ಎರಡು ಮೂರು ದಿನ ಹರಡಿಡಿ. ಕೊಯ್ದ ಜಾಗ ಒಣಗಿ ಮೇಲೊಂದು ಪೊರೆ ಕಟ್ಟುತ್ತದೆ. ಆ ಪೊರೆಯಿಲ್ಲದ ಹೋಳು ಒದ್ದೆ ಮಣ್ಣಿನಲ್ಲಿ ಕೊಳೆಯುತ್ತದೆ. ಮಳೆಗಾಲದಲ್ಲಿ ನೆಡುವವರು ಹೆಚ್ಚುವ ಗೋಜಿಗೇ ಹೋಗಬೇಡಿ.

ನೆಡುವ ಎರಡು ವಾರ ಮೊದಲು ಗಡ್ಡೆಗಳನ್ನು ಮೊಟ್ಟೆಯ ಟ್ರೇಯಲ್ಲಿ, ಕಣ್ಣು ಹೆಚ್ಚಿರುವ ತುದಿ ಮೇಲೆ ಬರುವಂತೆ ಇಡಿ. ಬೆಳಕಿರಲಿ, ಬಿಸಿಲು ಬೇಡ. ಇಡೀ ಬೇಸಾಯದಲ್ಲಿ ಗಡ್ಡೆಗೆ ಬೆಳಕು ತೋರಿಸುವುದು ಈ ಒಮ್ಮೆ ಮಾತ್ರ. ಬೆಳಕಿನಲ್ಲಿ ಮೊಳಕೆ ಗಿಡ್ಡಗೆ, ಗಟ್ಟಿಯಾಗಿ, ಹಸಿರು ನೇರಳೆ ಬಣ್ಣದಲ್ಲಿ ಬರುತ್ತದೆ. ಕತ್ತಲಲ್ಲಿ ಬಂದ ಮೊಳಕೆ ಬಿಳಿಚಿಕೊಂಡು ಉದ್ದಕ್ಕೆ ಸಾಗುತ್ತದೆ, ಮುಟ್ಟಿದರೆ ಮುರಿಯುತ್ತದೆ. ಮೊಳಕೆ ಬೆರಳಗಲದ ಅರ್ಧ ಬಂದಾಗ ನೆಡಿ.

ಕಾಲ, ಪಾತ್ರೆ, ಮಣ್ಣು, ಬಿತ್ತನೆ. ನಾಲ್ಕೂ ಸಿದ್ಧ. ಈಗ ನೆಡುವ ಕ್ರಮ.

ಚೀಲದ ಬಾಯನ್ನು ಹೊರಕ್ಕೆ ಮಡಿಚುತ್ತ ಅರ್ಧ ಎತ್ತರಕ್ಕೆ ಇಳಿಸಿ. ಅರ್ಧ ಗೇಣು ಮಣ್ಣು ತುಂಬಿ. ಎರಡು ಗಡ್ಡೆಗಳನ್ನು ಒಂದು ಗೇಣು ಅಂತರದಲ್ಲಿ, ಮೊಳಕೆ ಮೇಲೆ ಮಾಡಿ ಇಡಿ. ಮೇಲೆ ನಾಲ್ಕು ಬೆರಳು ಮಣ್ಣು ಮುಚ್ಚಿ, ನೀರು ಚಿಮುಕಿಸಿ. ಎರಡು ಮೂರು ವಾರಕ್ಕೆ ಗಿಡ ತಲೆ ಎತ್ತುತ್ತದೆ. ಗಿಡ ಗೇಣುದ್ದ ಆದಾಗ ಮಡಿಕೆಯನ್ನು ಸ್ವಲ್ಪ ಬಿಚ್ಚಿ, ಕಾಂಡದ ಸುತ್ತ ಮೂರನೇ ಎರಡು ಭಾಗ ಮುಚ್ಚುವಷ್ಟು ಮಣ್ಣು ಏರಿಸಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಏರಿಸಿ. ಚೀಲ ತುಂಬಿತು. ಮೇಲೆ ಒಣಹುಲ್ಲು ಅಥವಾ ತರಗೆಲೆ ಹಾಸಿ. ಅದು ತಂಪಿಗೂ ಆಯಿತು, ಕತ್ತಲೆಗೂ ಆಯಿತು.

ಇಲ್ಲೊಂದು ತಪ್ಪು ತಿಳುವಳಿಕೆ ಹಬ್ಬಿದೆ. ಆಳೆತ್ತರದ ಡ್ರಮ್ಮಿಗೆ ಮಣ್ಣು ಏರಿಸುತ್ತ ಹೋದರೆ ಅಂತಸ್ತು ಅಂತಸ್ತಾಗಿ ಗಡ್ಡೆ ಕಟ್ಟುತ್ತದೆ ಎನ್ನುವವರಿದ್ದಾರೆ. ನಮ್ಮಲ್ಲಿ ಸಿಗುವ ಮೂರು ಮೂರೂವರೆ ತಿಂಗಳ ತಳಿಗಳಲ್ಲಿ ಹಾಗಾಗುವುದಿಲ್ಲ. ಎಳೆಗಳು ಹೊರಡುವುದು ತಾಯಿಗಡ್ಡೆಯ ಮೇಲಿನ ಕೆಲವೇ ಗೆಣ್ಣುಗಳಿಂದ. ಗಡ್ಡೆಗಳೂ ಆ ಒಂದು ಪದರದ ಆಸುಪಾಸಿನಲ್ಲೇ. ಹಾಗಿದ್ದರೆ ಮಣ್ಣು ಏರಿಸುವುದು ಏಕೆ? ಆ ಪದರಕ್ಕೆ ಬೆಳಕು ತಾಗದಿರಲಿ, ಬಿಸಿ ತಟ್ಟದಿರಲಿ ಎಂದು. ಎರಡು ಸಲ ಏರಿಸಿದರೆ ಸಾಕು. ಅದಕ್ಕಿಂತ ಹೆಚ್ಚಿನದು ಮಣ್ಣಿನ ದಂಡ.

ನೀರಿನ ವಿಷಯ. ಚೀಲದೊಳಗೆ ಎರಡು ಗೆಣ್ಣಿನಷ್ಟು ಬೆರಳಿಳಿಸಿ ನೋಡಿ. ಒಣಗಿದ್ದರೆ ನೀರು, ಪಸೆ ಇದ್ದರೆ ನಾಳೆ. ಗಿಡಕ್ಕೆ ಒಂದು ತಿಂಗಳಿಂದ ಎರಡು ತಿಂಗಳ ವಯಸ್ಸಿನ ನಡುವೆ ನೀರು ತಪ್ಪಿಸಬೇಡಿ. ಗಡ್ಡೆ ಕಟ್ಟಿ ಬಲಿಯುವ ಕಾಲ ಅದು. ನಾಲ್ಕು ದಿನ ಒಣಗಿಸಿ ಐದನೇ ದಿನ ಕೊಡ ಸುರಿದರೆ ಗಡ್ಡೆ ಸೀಳುತ್ತದೆ, ಗಂಟುಗಂಟಾಗುತ್ತದೆ, ಒಳಗೆ ಪೊಳ್ಳಾಗುತ್ತದೆ. ಗಿಡಕ್ಕೆ ಒಂದು ತಿಂಗಳಾದಾಗ ಒಮ್ಮೆ, ಒಂದೂವರೆ ತಿಂಗಳಾದಾಗ ಇನ್ನೊಮ್ಮೆ ಒಂದೊಂದು ಹಿಡಿ ಎರೆಗೊಬ್ಬರ ಕೊಡಿ. ಯೂರಿಯಾ ಸುರಿಯಬೇಡಿ. ಸೊಪ್ಪು ಸೊಂಪಾಗಿ ಬರುತ್ತದೆ. ನಾವು ತಿನ್ನುವುದು ಆ ಸೊಪ್ಪನ್ನಲ್ಲ.

ನೆಟ್ಟೆವು, ಮಣ್ಣು ಏರಿಸಿದೆವು, ನೀರು ಕೊಟ್ಟೆವು. ಇನ್ನು ರೋಗದ ಮಾತು. ಒಂದನ್ನು ಚೆನ್ನಾಗಿ ತಿಳಿದುಕೊಂಡರೆ ಸಾಕು. ಅದು ಅಂಗಮಾರಿ.

ಮೋಡ, ಜಡಿಮಳೆ, ತಂಪು ಗಾಳಿ ಮೂರೂ ಸೇರಿದಾಗ ಬರುವ ರೋಗ ಇದು. ಎಲೆಯ ಅಂಚಿನಲ್ಲಿ ನೀರಿನಲ್ಲಿ ನೆನೆದಂಥ ಮಚ್ಚೆ ಏಳುತ್ತದೆ. ದಿನ ಕಳೆಯುವುದರೊಳಗೆ ಅದು ಕಂದು, ಆಮೇಲೆ ಕಪ್ಪು. ಬೆಳಗಿನ ಹೊತ್ತು ಎಲೆ ಮಗುಚಿದರೆ ಮಚ್ಚೆಯ ಸುತ್ತ ತೆಳ್ಳನೆಯ ಬಿಳಿ ಬೂಷ್ಟು. ಒಂದು ವಾರದಲ್ಲಿ ಇಡೀ ಗಿಡ ಸುಟ್ಟಂತಾಗುತ್ತದೆ. 1845ರಲ್ಲಿ ಐರ್ಲೆಂಡಿನ ಬೆಳೆಗೆ ತಗುಲಿದ್ದು ಇದೇ ರೋಗ. ಮುಂದಿನ ಕೆಲವೇ ವರ್ಷಗಳಲ್ಲಿ ಆ ಪುಟ್ಟ ದೇಶದಲ್ಲಿ ಸುಮಾರು 10 ಲಕ್ಷ ಜನ ಹಸಿವು, ಕಾಯಿಲೆಗಳಿಂದ ಸತ್ತರು. ಅಷ್ಟೇ ಜನ, ಬಹುಶಃ ಇನ್ನೂ ಹೆಚ್ಚು, ದೇಶ ಬಿಟ್ಟರು. ಹಾಸನದ ರೈತರಿಗೂ ಈ ರೋಗದ ಹೊಡೆತ ಹೊಸದಲ್ಲ. ಮಳೆ ಹಿಡಿದ ವರ್ಷಗಳಲ್ಲಿ ಹೊಲಕ್ಕೆ ಹೊಲವೇ ಕರಗಿಹೋಗಿದೆ.

ಮನೆಯ ಚೀಲದಲ್ಲಿ ಏನು ಮಾಡಬಹುದು? ನೀರನ್ನು ಎಲೆಯ ಮೇಲೆ ಹೊಯ್ಯದೆ ಬುಡಕ್ಕೆ ಹಾಕಿ, ಅದೂ ಬೆಳಿಗ್ಗೆ. ಚೀಲಗಳ ನಡುವೆ ಗಾಳಿಯಾಡಲಿ. ಟೊಮೆಟೊ ಗಿಡದ ಪಕ್ಕ ಇಡಬೇಡಿ. ಅದೂ ಇದೇ ಕುಲದ್ದು, ಇದೇ ರೋಗ ಅದಕ್ಕೂ ತಗಲುತ್ತದೆ. ರೋಗ ಕಂಡ ಗಿಡವನ್ನು ಕಿತ್ತು, ಮುಚ್ಚಿದ ಕವರಿನಲ್ಲಿ ಹಾಕಿ ಎಸೆಯಿರಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಎಲೆಯ ಮೇಲಿನ ರೋಗ ಮಳೆನೀರಿನ ಜೊತೆ ಇಳಿದು ಗಡ್ಡೆಗೂ ತಗಲುತ್ತದೆ. ಮೇಲೆ ಮಣ್ಣು ದಪ್ಪಗಿದ್ದರೆ ಅಷ್ಟು ಸುಲಭವಾಗಿ ಇಳಿಯಲಾರದು. ಮಣ್ಣು ಏರಿಸಿ ಎಂದು ಒತ್ತಿ ಹೇಳಿದ್ದಕ್ಕೆ ಇದು ಇನ್ನೊಂದು ಕಾರಣ. ಸಸ್ಯಹೇನು ಕಂಡರೆ ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಒಂದಿಷ್ಟು ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ರೋಗ ದಾಟಿತು ಎಂದುಕೊಳ್ಳೋಣ. ಕೊನೆಯ ಘಟ್ಟ, ಕೀಳುವುದು ಮತ್ತು ಇಡುವುದು.

ಸುಮಾರು ಮೂರು ತಿಂಗಳಿಗೆ ಎಲೆ ಹಳದಿಯಾಗಿ ಗಿಡ ತಾನಾಗಿ ವಾಲುತ್ತದೆ. ಆಗ ನೀರು ನಿಲ್ಲಿಸಿ. ಹತ್ತು ದಿನ ಬಿಟ್ಟು ಮೇಲಿನ ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಒಂದು ವಾರ ಕಾಯಿರಿ. ಸಿಪ್ಪೆ ಅಲುಗದಿದ್ದರೆ ಬೆಳೆ ಬಲಿತಿದೆ. ಹಳೆಯ ಸೀರೆಯನ್ನೋ ಟಾರ್ಪಾಲನ್ನೋ ಹಾಸಿ ಚೀಲ ಮಗುಚಿ. ಗುದ್ದಲಿ ಬೇಡ, ಗಡ್ಡೆಗೆ ಗಾಯ ಇಲ್ಲ. ಚೀಲದ ಬೇಸಾಯದ ದೊಡ್ಡ ಅನುಕೂಲ ಇದೇ.

ಗಡ್ಡೆ ತೊಳೆಯಬೇಡಿ. ನೆರಳಿನಲ್ಲಿ, ಗಾಳಿಯಾಡುವ ಕಡೆ ಒಂದು ವಾರ ಒಣಗಿಸಿ, ಕತ್ತಲ ಜಾಗದಲ್ಲಿ ಇಡಿ. ಗಿಡದಿಂದ ಕಿತ್ತ ಮೇಲೂ ಕತ್ತಲೆಯ ನಿಯಮ ಮುಗಿಯಲಿಲ್ಲ. ಬೆಳಕಿನಲ್ಲಿಟ್ಟ ಗಡ್ಡೆ ಹಸಿರಾಗುತ್ತದೆ. ಆ ಹಸಿರಿನ ಜೊತೆಗೇ ಸೊಲನೈನ್ ಎಂಬ ವಿಷ ಹೆಚ್ಚುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಹೆಚ್ಚು ಹಸಿರಾದದ್ದನ್ನು, ಕಹಿ ಎನಿಸಿದ್ದನ್ನು ಬಿಸಾಡಿ. ಮಕ್ಕಳಿರುವ ಮನೆಯವರು ಇನ್ನೊಂದು ಮಾತು ಕೇಳಿ. ಹೂ ಬಿಟ್ಟ ಮೇಲೆ ಕೆಲವು ಗಿಡಗಳಲ್ಲಿ ಎಳೆ ಟೊಮೆಟೊ ಹಾಗೆ ಕಾಣುವ ಹಸಿರು ಕಾಯಿ ಬಿಡುತ್ತದೆ. ಅದು ವಿಷ. ಕಂಡ ಕೂಡಲೇ ಕಿತ್ತುಹಾಕಿ. ಎಲೆ, ಕಾಂಡವನ್ನೂ ತಿನ್ನಬಾರದು, ದನಕರುಗಳಿಗೂ ಹಾಕಬಾರದು.

ಅದೇ ಮಣ್ಣಿಗೆ ಮರುಬೆಳೆಯಾಗಿ ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಹಾಕಬೇಡಿ. ಹುರುಳಿಕಾಯಿಯೋ ದಂಟು, ಮೆಂತ್ಯದ ಸೊಪ್ಪೋ ಹಾಕಿ.

ಎಷ್ಟು ಸಿಗುತ್ತದೆ ಎಂಬ ಪ್ರಶ್ನೆ ಉಳಿಯಿತು. 20 ಲೀಟರಿನ ಒಂದು ಚೀಲದಿಂದ ಒಂದು ಕಿಲೋ ಬಂದರೆ ಒಳ್ಳೆಯ ಬೆಳೆ. ಮುಕ್ಕಾಲು ಕಿಲೋ ಬಂದರೂ ಬೇಸರ ಬೇಡ. ಭಾರತ ವರ್ಷಕ್ಕೆ 5 ಕೋಟಿ ಟನ್ನಿಗೂ ಹೆಚ್ಚು ಆಲೂಗಡ್ಡೆ ಬೆಳೆಯುವ ದೇಶ, ಚೀನಾ ಬಿಟ್ಟರೆ ಎರಡನೆಯದು. ಸಂತೆಯಲ್ಲಿ ಅಗ್ಗವಾಗಿ ಸಿಗುವ ತರಕಾರಿ ಇದು. ಚೀಲದಲ್ಲಿ ಬೆಳೆದು ಮನೆಖರ್ಚು ಉಳಿಸುತ್ತೇನೆ ಎಂದುಕೊಂಡರೆ ಲೆಕ್ಕ ಕೂಡುವುದಿಲ್ಲ. ಔಷಧ ಸೋಕದ, ಬೆಳಿಗ್ಗೆ ಕಿತ್ತು ಮಧ್ಯಾಹ್ನ ಪಲ್ಯ ಮಾಡುವ ಗಡ್ಡೆ ಬೇಕು ಎನ್ನುವವರಿಗೆ, ಅನ್ನದ ತಟ್ಟೆಗೆ ಬರುವುದು ಹೇಗೆ ಬೆಳೆಯುತ್ತದೆಂದು ಮನೆಯ ಮಕ್ಕಳಿಗೆ ತೋರಿಸಬೇಕು ಎನ್ನುವವರಿಗೆ ಇದು ತಕ್ಕ ಬೆಳೆ.

ಹೇಳಿದ್ದನ್ನೆಲ್ಲ ಮತ್ತೊಮ್ಮೆ ಕೂಡಿಸುತ್ತೇನೆ. ಚಳಿ ಬರುವ ಮುನ್ನ ನೆಡಿ. ಬೆಳಕು ಹಾಯದ ಪಾತ್ರೆ, ನೀರು ನಿಲ್ಲದ ಸಡಿಲ ಮಣ್ಣು, ರೋಗವಿಲ್ಲದ ಬಿತ್ತನೆ ಇರಲಿ. ಎರಡು ಸಲ ಮಣ್ಣು ಏರಿಸಿ. ನೀರು ಹದವಾಗಿ ಕೊಡಿ. ಬಲಿತ ಮೇಲೆ ಕಿತ್ತು ಕತ್ತಲಲ್ಲಿಡಿ. ಮೊದಲ ವರ್ಷವೇ ಹತ್ತು ಚೀಲ ಇಡಲು ಹೋಗಬೇಡಿ. ಎರಡು ಚೀಲದಿಂದ ಶುರು ಮಾಡಿ, ನಿಮ್ಮ ತಾರಸಿಯ ಬಿಸಿಲು, ಗಾಳಿ ಅರಿತುಕೊಂಡು ಮುಂದಿನ ವರ್ಷ ಹೆಚ್ಚಿಸಿ. ಬಿತ್ತನೆ ಗಡ್ಡೆಯನ್ನು ಸೆಪ್ಟೆಂಬರಿನಲ್ಲೇ ಹೇಳಿಡಿ.